ಸಮುದ್ರವಿಲ್ಲದ ಊರಿನ ಸರ್ವೇಯರ್ ಕಾಕಾ

ಕಳೆದ ವಾರ ಕಲಘಟಗಿ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಒಡೆದ ನೀರಿನ ಟಾಕಿಗೆ ಫೈಬರ್ ಪಟ್ಟಿ ಹಚ್ಚುತ್ತ ಕೂತಿದ್ದ. ಡಬ್ಬಿಯೊಳಗಿನ ರೆಸಿನ್ ಎಂಬ ಅಂಟನ್ನು ಕಡ್ಡಿಯಿಂದ ಕಲಸಿದ್ದೇ ತಡ, ವಾಸನೆ ಗಲ್ಲಿಯ ತುಂಬ ಎದ್ದಿತು. ಹಸಿ ಬಣ್ಣ, ಸೀಮೆಎಣ್ಣೆ ಎರಡನ್ನೂ ಕೂಡಿಸಿದಂಥ, ಗಂಟಲಿಗಿಳಿಯುವ ವಾಸನೆ. ಹೋಗಿ ಬರುವವರೆಲ್ಲ ಮೂಗಿಗೆ ಸೆರಗು, ಟವೆಲ್ಲು ಒತ್ತಿಕೊಂಡು ದಾಟುತ್ತಿದ್ದರೆ ನಾನೊಬ್ಬಳು ಕೈಚೀಲ ಹಿಡಿದುಕೊಂಡು ನಗುತ್ತ ನಿಂತುಬಿಟ್ಟೆ.

"ಯಾಕ್ರೀ ಅಕ್ಕಾರ, ಏನರ ಬೇಕಿತ್ತೇನ್ರೀ?" ಎಂದು ಅವನು ಕೇಳಿದ.

ಏನೂ ಬೇಡ ಎಂದೆ. ಅವನಿಗೆ ಏನೆಂದು ಹೇಳಲಿ... ಈ ವಾಸನೆಯನ್ನು ಅತ್ತರಿನ ಹಾಗೆ ಕಣ್ಣು ಮುಚ್ಚಿ ಮೂಸುತ್ತಿದ್ದ ಒಬ್ಬರು ನಮ್ಮೂರಿನಲ್ಲಿ ಇದ್ದರು.

ಅವರನ್ನು ಊರೆಲ್ಲ ಸರ್ವೇಯರ್ ಕಾಕಾ ಎನ್ನುತ್ತಿತ್ತು. ಚಿಕ್ಕವರಿದ್ದಾಗಲೇ ಸೋದರಮಾವನ ಹಿಂದೆ ಮುಂಬಯಿ ಬಂದರಿಗೆ ಹೋದವರು, ಅಲ್ಲಿ ಬಡಗಿಯ ಕೈಕೆಳಗೆ ಹಲಗೆ ಹೊತ್ತು, ಪರೀಕ್ಷೆಗಳನ್ನು ಒಂದೊಂದಾಗಿ ಪಾಸಾಗಿ, ಕೊನೆಗೆ ಹಡಗು-ದೋಣಿಗಳನ್ನು ತಪಾಸಣೆ ಮಾಡುವ ಸರ್ವೇಯರ್ ಆದವರು. ದೋಣಿ ಕೊಳ್ಳುವವರು ಹಣ ಕೊಡುವ ಮೊದಲು ಇಂಥವರನ್ನು ಕರೆಸಿ, ತಳದಿಂದ ತುದಿಯವರೆಗೆ ನೋಡಿಸಿ, ಬರಹದಲ್ಲಿ ವರದಿ ತೆಗೆದುಕೊಳ್ಳುತ್ತಾರಂತೆ. ವಯಸ್ಸಾದ ಮೇಲೆ ಕಾಕಾ ಹೆಂಡತಿಯ ತವರೂರು ಎಂದು ದೇವಿಕೊಪ್ಪದ ಹತ್ತಿರದ ನಮ್ಮ ಊರಿಗೆ ಬಂದು ಮನೆ ಕಟ್ಟಿಸಿದರು. ಬಾಗಿಲಿಗೆ ಒಂದು ಬೋರ್ಡು ಹಾಕಿಸಿದರು. ಹೆಸರಿನ ಕೆಳಗೆ 'ಸರ್ವೇಯರ್' ಎಂದಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ನಮ್ಮ ಕಡೆ ಸರ್ವೇಯರ್ ಎಂದರೆ ಹೊಲ ಅಳೆಯುವವರು. ಬೋರ್ಡು ಏರಿದ ಮರುದಿನವೇ ಬದುವಿನ ಜಗಳದ ಅಣ್ಣತಮ್ಮಂದಿರಿಬ್ಬರು ನಕಾಶೆಯ ಸುರುಳಿ ಹಿಡಿದುಕೊಂಡು ಕಟ್ಟೆಯ ಮೇಲೆ ಬಂದು ಕೂತಿದ್ದರಂತೆ. ಕಾಕಾ ಅವರಿಗೆ ಚಹಾ ಕೊಟ್ಟು, "ನಾ ಭೂಮಿ ಅಳಿಯಾಂವ ಅಲ್ರಪಾ. ನಾ ಹಡಗ ನೋಡಾಂವ" ಎಂದರೆ ಅವರು ನಂಬಲಿಲ್ಲ. ಆ ಕಡೆಯ ತಮ್ಮನೇ ಮೊದಲು ಬಂದು ಇವರ ಕೈ ಬಿಸಿ ಮಾಡಿರಬೇಕು ಎಂದು ಹಿರಿಯವನು, ಅಣ್ಣನೇ ಮಾಡಿರಬೇಕು ಎಂದು ಕಿರಿಯವನು, ಅಲ್ಲೇ ಕಟ್ಟೆಯ ಮೇಲೆ ಹೊಸದೊಂದು ಜಗಳ ತೆಗೆದರು. ಇದನ್ನು ಕಾಕಾ ಹೇಳುವಾಗ ನಕ್ಕು ನಕ್ಕು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಒಳಗಿನಿಂದ ಅವರ ಹೆಂಡತಿ, ಊರಿಗೆಲ್ಲ ಚಾಚಿ, "ಸಮುದ್ರ ಇಲ್ಲದ ಊರಾಗ ಬೋರ್ಡ್ ಹಾಕಬ್ಯಾಡ್ರಿ ಅಂತ ನಾ ಆವಾಗಲೇ ಹೇಳಿದ್ದೆ" ಎಂದು ಗದರುತ್ತಿದ್ದರು. ಬೋರ್ಡು ಮಾತ್ರ ಇಳಿಯಲಿಲ್ಲ.

ನಾನು ಕುಂದಗೋಳದವಳು. ಮದುವೆಯಾಗಿ ಈ ಊರಿಗೆ ಬಂದು, ಪಿಯುಸಿ ಓದಿದ್ದಾಳೆ ಎಂಬ ಒಂದೇ ಕಾರಣಕ್ಕೆ ಮಹಿಳಾ ಹಾಲಿನ ಸಂಘದ ಕಾರ್ಯದರ್ಶಿಯಾಗಿದ್ದೆ. ನಮ್ಮ ಸಂಘದ ಅರ್ಧ ಹಾಲು ಕೆರೆಯ ಆಚೆಯ ಗೌಳಿದಡ್ಡಿಯಿಂದ ಬರುತ್ತಿತ್ತು. ಕಾಡಿನಂಚಿನಲ್ಲಿ ಎಮ್ಮೆ ಕಟ್ಟಿಕೊಂಡು ಬದುಕುವ ಗೌಳಿಗರ ಹಟ್ಟಿ ಅದು. ಬೇಸಿಗೆಯಲ್ಲಿ ಕೆರೆಯಂಗಳದ ಕಾಲುದಾರಿ ಹಿಡಿದರೆ ಹತ್ತು ನಿಮಿಷ. ಮಳೆ ಹಿಡಿದು ಕೆರೆ ತುಂಬಿತೆಂದರೆ ಆ ದಾರಿ ಮುಳುಗಿ, ಕೋಡಿಯ ಕಡೆಯಿಂದ ಸುತ್ತು ಹಾಕಬೇಕು. ತಲೆಯ ಮೇಲೆ ಹಾಲಿನ ಕ್ಯಾನು, ಕಾಲ ಕೆಳಗೆ ಜಾರುವ ಎರೆಮಣ್ಣು. ಅವರು ಬರುವಷ್ಟರಲ್ಲಿ ಹಾಲಿನ ಗಾಡಿ ಹೊರಟುಹೋಗಿರುತ್ತಿತ್ತು.

ಸಂಘದ ಅಧ್ಯಕ್ಷೆ ಜಾನಾಬಾಯಿ ಆ ದಡ್ಡಿಯವಳು. ನನಗಿಂತ ಇಪ್ಪತ್ತು ವರ್ಷ ಹಿರಿಯಳು, ಹೆದರಿಕೆ ಎಂದರೆ ಏನೆಂದು ಗೊತ್ತಿಲ್ಲದವಳು. ಒಂದು ಮಳೆಗಾಲ ಅವಳು ಸುತ್ತು ಯಾರು ಹಾಕುತ್ತಾರೆ ಎಂದು ಲಾರಿಯ ಟ್ಯೂಬಿನ ಮೇಲೆ ಹಲಗೆ ಕಟ್ಟಿ, ಅದರ ಮೇಲೆ ಕ್ಯಾನಿಟ್ಟುಕೊಂಡು ಕೆರೆ ದಾಟಲು ಹೊರಟಳು. ನಡುನೀರಿನಲ್ಲಿ ಹಲಗೆ ಮಗುಚಿತು. ಹಾಲೆಲ್ಲ ಕೆರೆಯ ಪಾಲು. ಖಾಲಿಯಾದ ಕ್ಯಾನಿನ ಮುಚ್ಚಳ ಹೇಗೋ ಒತ್ತಿ, ಅದನ್ನೇ ಎದೆಗವಚಿಕೊಂಡು ತೇಲುತ್ತ ದಡಕ್ಕೆ ಬಂದಳು. ಬಂದವಳು ಮೊದಲು ಹೇಳಿದ ಮಾತು, "ಸೆಕ್ರೆಟ್ರಿ, ಇವತ್ತಿನ ಹಾಲು ಮೀನಾ ಕುಡದ್ವು." ಎಲ್ಲರೂ ನಕ್ಕೆವು. ಆದರೆ ಸೆರಗು ಹಿಂಡಿಕೊಂಡ ಅವಳು ಮತ್ತೆ ಆ ಟ್ಯೂಬಿನ ಕಡೆ ತಿರುಗಿ ನೋಡಲಿಲ್ಲ. ಅಂದೇ ಕೂತು ತೀರ್ಮಾನಿಸಿದೆವು: ಸಂಘದಿಂದ ಒಂದು ದೋಣಿ ತರುವುದು. ಎರಡು ವರ್ಷ ಬೋನಸ್ಸು ಹಂಚಿಕೊಳ್ಳದೆ ಕೂಡಿಸಿದೆವು.

ಬಾಜು ಊರಿನಲ್ಲಿ ಪಂಪ್‌ಸೆಟ್ ಮಾರುವವನೊಬ್ಬ ಸುದ್ದಿ ತಂದ. ಅಂಕೋಲೆಯ ಕಡೆ ಅವನ ಪರಿಚಯದವರೊಬ್ಬರ ಫೈಬರ್ ದೋಣಿ ಮಾರಾಟಕ್ಕಿದೆ, ಇಂಜಿನ್ ಸಮೇತ. ಮೊಬೈಲಿನಲ್ಲಿ ಫೋಟೋ ತೋರಿಸಿದ. ನವಿಲಿನ ಕೊರಳಿನಂಥ ನೀಲಿ ಬಣ್ಣ, ಮೂತಿಗೆ ಎರಡು ಬಿಳಿ ಕಣ್ಣು. ಹೆಂಗಸರೆಲ್ಲ ಫೋನಿನ ಮೇಲೆ ಮುಗಿಬಿದ್ದರು. "ಅಗದಿ ಹೊಸಾದು ಇದ್ದಂಗ ಐತ್ರಿ. ತಪಾಸಣಿ ಮಾಡಿಸಿದ ಸರ್ಟಿಫಿಕೇಟೂ ಅವರ ಕಡೆ ಐತಿ" ಎಂದು ಅವನು ಅಂದ.

ಆ ಸಂಜೆ ನಾನು ಕಾಕಾನ ಕಟ್ಟೆಗೆ ಹೋದದ್ದು ಒಂದು ಮಾತು ಕೇಳಿ ಬರೋಣ ಎಂದಷ್ಟೇ. ಫೋಟೋ ಮುಂದೆ ಹಿಡಿದು, "ಹ್ಯಾಂಗ ಐತ್ರಿ ಕಾಕಾ?" ಎಂದೆ. ಅವರು ಫೋಟೋದ ಕಡೆ ನೋಡಲೇ ಇಲ್ಲ. ನನ್ನನ್ನು ನೋಡಿದರು.

"ತಂಗಿ, ನೀ ಚಹಾ ಕುಡಿಲಿಕ್ಕೆ ಬಂದೀಯೋ, ಸಂಘದ ಸೆಕ್ರೆಟರಿ ಆಗಿ ಬಂದೀಯೋ?"

ಸಂಘದ ಕೆಲಸಕ್ಕೇ ಬಂದೆ ಎಂದೆ.

"ಹಂಗಿದ್ರ ಸಂಘದ ಪತ್ರ ತಗೊಂಡು ಬರ್ರಿ. ಶಿಕ್ಕಾ ಹಾಕಿರಬೇಕು. ಈ ದೋಣಿ ನಮ್ಮ ಪರವಾಗಿ ನೋಡಿ ವರದಿ ಕೊಡ್ರಿ ಅಂತ ಬರೀರಿ. ಕಟ್ಟಿ ಮ್ಯಾಲೆ ಪುಕ್ಕಟ ಕೊಟ್ಟ ಮಾತು ಯಾರೂ ಕೇಳೂದಿಲ್ರಿ ಸೆಕ್ರೆಟರಿಯವರ."

ಇದ್ದಕ್ಕಿದ್ದಂತೆ ತಂಗಿ ಹೋಗಿ ಸೆಕ್ರೆಟರಿಯವರ ಆಗಿದ್ದೆ! ಸರ್ಟಿಫಿಕೇಟು ಆಗಲೇ ಇದೆಯಂತಲ್ಲ ಎಂದು ನಾನು ತೊದಲಿದೆ. ಕಾಕಾ ನಕ್ಕರು. "ಅದು ಮಾರಾವರು ಮಾಡಿಸಿದ್ದು. ಸುಳ್ಳ ಅನ್ನೂದಿಲ್ಲ ನಾ. ಆದ್ರ ಅದನ್ನ ನೋಡಿದವ ಅವರ ಮನಿ ಊಟಾ ಮಾಡ್ಯಾನ. ಕೊಳ್ಳಾವರಿಗೆ ತಮ್ಮವ ಒಬ್ಬ ಇರಬೇಕು."

ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಜಾನಾಬಾಯಿಗೆ ಹೇಳಿದ ಕೂಡಲೇ ಪೂರ್ತಿ ತಿಳಿಯಿತು. "ಖರೇ ಅದಲ್ಲ! ಎಮ್ಮಿ ಮಾರಾಂವ ಎಂಟು ಲೀಟರ್ ಕೊಡ್ತದ ಅಂದ್ರ ನಾ ಅವನ ಮಾತ ಕೇಳತೀನೇನು? ಮೂರು ಹೊತ್ತು ನನ್ನ ಕೈಲೇ ಹಿಂಡಿ ನೋಡತೀನಿ. ಹಚ್ಚ ಶಿಕ್ಕಾ" ಎಂದಳು.

ಸಂಘದ ಮೊಹರು ಒತ್ತಿದ ಪತ್ರವನ್ನು ಕಾಕಾ ಎರಡು ಕೈಯಲ್ಲಿ ತೆಗೆದುಕೊಂಡು, ಎರಡು ಸಲ ಓದಿ, ಮಡಚಿ, ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡರು. ಊರಿಗೆ ಬಂದ ಮೇಲೆ ಅವರಿಗೆ ಸಿಕ್ಕ ಮೊದಲ ಕೆಲಸವಂತೆ ಅದು. ಆಮೇಲೆ ಅವರು ಹಾಕಿದ ಶರತ್ತುಗಳು ಒಂದೆರಡಲ್ಲ. ದೋಣಿಯ ಬೆಲೆ ಎಷ್ಟೆಂದು ಅವರಿಗೆ ಹೇಳಕೂಡದು. ವರದಿ ಓದುವವರೆಗೆ ಸಂಘದಿಂದ ಒಂದು ರೂಪಾಯಿಯೂ ಹೋಗಕೂಡದು. ಮತ್ತೆ, ಸಂಘದ ಆರು ಖಾಲಿ ಕ್ಯಾನುಗಳು ಜೊತೆಗೆ ಬರಬೇಕು. ಕ್ಯಾನು ಯಾತಕ್ಕೆ ಎಂದರೆ, "ಬರಲಿ ತಗೋರಿ, ಸಮುದ್ರ ನೋಡ್ಲಿ ಅವೂ" ಎಂದರು.

ಹೊರಡುವ ಬೆಳಿಗ್ಗೆ ಕಾಕಾ ಬಂದದ್ದೇ ಬೇರೆ ವೇಷದಲ್ಲಿ. ಕುತ್ತಿಗೆಯಿಂದ ಕಾಲಿನವರೆಗೆ ಒಂದೇ ತುಂಡಿನ ಬಿಳಿ ದಿರಿಸು, ಚಾಚಿ ರಾತ್ರಿಯೇ ಇಸ್ತ್ರಿ ಮಾಡಿಟ್ಟದ್ದು. ಕೈಯಲ್ಲಿ ಹಳೆಯ ಚರ್ಮದ ಚೀಲ. ಚಾಚಿ ಬಾಗಿಲಲ್ಲಿ ನಿಂತು, "ಮದವಿ ದಿನಾನೂ ಇಷ್ಟು ಲಗೂನ ಎದ್ದಿದ್ದಿಲ್ಲ ಇವರು" ಎಂದು ನಗುತ್ತಿದ್ದರು. ಬಾಡಿಗೆಯ ಗೂಡ್ಸ್ ಗಾಡಿಯಲ್ಲಿ ಕಾಕಾ ಮುಂದೆ, ಡ್ರೈವರನ ಪಕ್ಕ. ನಾನು, ಜಾನಾಬಾಯಿ, ಇನ್ನಿಬ್ಬರು ಹೆಂಗಸರು ಕ್ಯಾನುಗಳ ನಡುವೆ. ಯಲ್ಲಾಪುರ ದಾಟಿ ಘಟ್ಟ ಇಳಿಯುತ್ತಿದ್ದಂತೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಬಂತು ನೋಡ್ರಿ, ಉಪ್ಪಿನ ಗಾಳಿ" ಎಂದು ಕೂಗಿದರು. ನಮಗೆ ಯಾವ ಉಪ್ಪೂ ತಿಳಿಯಲಿಲ್ಲ. ಸಮುದ್ರ ಇನ್ನೂ ಎಷ್ಟೋ ದೂರವಿತ್ತು.

ಹೊಳೆ ಸಮುದ್ರ ಸೇರುವ ಜಾಗದಲ್ಲಿ, ಮರಳಿನ ಮೇಲೆ, ಆ ದೋಣಿ ನಿಂತಿತ್ತು. ಫೋಟೋಕ್ಕಿಂತ ಚೆಂದ. ಬಿಸಿಲಿಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಜಾನಾಬಾಯಿ ಹೋಗಿ ಅದರ ಮೂತಿಯನ್ನು ಎಮ್ಮೆಕರುವಿನ ಮೂತಿ ಸವರಿದಂತೆ ಸವರಿದಳು. ಮಾರುವವರು ಸಂಭಾವಿತರು. ಎಳನೀರು ಕೆತ್ತಿಸಿಟ್ಟಿದ್ದರು. ಮನೆಯಲ್ಲಿ ಊಟಕ್ಕೆ ತಯಾರಿ ನಡೆದಿದೆ, ಮೊದಲು ಊಟ, ಆಮೇಲೆ ವ್ಯವಹಾರ ಎಂದರು. ಕಾಕಾ ಎಳನೀರನ್ನೂ ಮುಟ್ಟದೆ, "ರೊಟ್ಟಿ ಕಟಗೊಂಡು ಬಂದೇನ್ರಿ" ಎಂದು ನೇರ ದೋಣಿಯ ಕೆಳಗೆ ಮೊಣಕಾಲೂರಿದರು.

ಚೀಲದಿಂದ ಒಂದು ಚಿಕ್ಕ ಸುತ್ತಿಗೆ ಹೊರಬಂತು. ಬೆರಳು ದಪ್ಪದ್ದು. ಮೂತಿಯಿಂದ ಶುರು ಮಾಡಿ, ಒಂದೊಂದು ಗೇಣಿಗೆ ಒಂದರಂತೆ ಟಕ್ ಟಕ್ ಎಂದು ಬಡಿಯುತ್ತ, ಕಿವಿ ಹತ್ತಿರ ಹಿಡಿದು ಕೇಳುತ್ತ ಹಿಂದಕ್ಕೆ ಸರಿದರು. ನಮ್ಮಪ್ಪ ಕುಂದಗೋಳದಲ್ಲಿ ಭಜನೆಗೆ ತಬಲಾ ನುಡಿಸುತ್ತಿದ್ದ. ಪ್ರತಿ ಸಂಜೆ ಅವನು ಸುತ್ತಿಗೆಯಿಂದ ತಬಲಾ ಶ್ರುತಿ ಮಾಡುವುದನ್ನು ಕೇಳುತ್ತ ಬೆಳೆದವಳು ನಾನು. ಹಾಗಾಗಿ ಕಾಕಾ ಏನು ಕೇಳುತ್ತಿದ್ದಾರೆಂದು ನನಗೂ ಕೇಳತೊಡಗಿತು. ಟಣ್, ಟಣ್, ಟಣ್... ಆಮೇಲೆ ದಬ್. ಹಸಿ ಗೋಡೆಗೆ ಬಡಿದಂತೆ. ಕಾಕಾ ಸೀಮೆಸುಣ್ಣದಿಂದ ಅಲ್ಲೊಂದು ಸುತ್ತು ಹಾಕಿದರು. ನಾನು ಹತ್ತಿರ ಹೋಗಿ, "ಅಲ್ಲಿ ಸ್ವರಾ ಇಳೀತಲ್ರಿ ಕಾಕಾ" ಎಂದೆ. ಅವರು ತಿರುಗಿ ನನ್ನನ್ನು ನೋಡಿದ ನೋಟ... ಇಷ್ಟು ವರ್ಷದ ಮೇಲೆ ತಮ್ಮ ಮಾತೃಭಾಷೆ ಆಡುವವರು ಸಿಕ್ಕಂತೆ ಇತ್ತು.

ಎರಡು ತಾಸಾಯಿತು. ಆ ಚೆಂದದ ನೀಲಿ ಮೈ ಸೀಮೆಸುಣ್ಣದ ಸುತ್ತುಗಳಿಂದ ಅಮ್ಮ ಎದ್ದ ಮುಖದಂತಾಗಿತ್ತು. ಹಿಂಭಾಗದಲ್ಲಿ, ಇಂಜಿನ್ ತೂಗುವ ದಪ್ಪ ಹಲಗೆಯಿಂದ ಒಂದು ಮೊಳೆ ಬಿಚ್ಚಲು ಕಾಕಾ ಮಾಲೀಕರ ಅನುಮತಿ ಕೇಳಿದರು. ಅವರ ಮುಖದ ನಗು ಸ್ವಲ್ಪ ಕಡಿಮೆಯಾಯಿತು. ಆದರೂ ಹೂಂ ಎಂದರು. ತಿರುಪು ಮೊಳೆ ಹೊರಬರುತ್ತಿದ್ದಂತೆ ಅದರ ಹಿಂದೆಯೇ ಚಹಾದ ಬಣ್ಣದ ನೀರು ಎರಡು ಹನಿ ಇಳಿಯಿತು. ಕಾಕಾ ಅದನ್ನೂ ಬರೆದುಕೊಂಡರು. ಆಮೇಲೆ ಮುಂಭಾಗದ ಪೆಟ್ಟಿಗೆಯಂಥ ಜಾಗದ ಮುಚ್ಚಳ ತೆಗೆಸಿ, ತಲೆ ಒಳಗೆ ಹಾಕಿ, ಕಣ್ಣು ಮುಚ್ಚಿ ದೀರ್ಘವಾಗಿ ಮೂಸಿದರು. ನನ್ನನ್ನೂ ಕರೆದು ಮೂಸು ಎಂದರು. ಅಂದೇ ನಾನು ಮೊದಲ ಸಲ ರೆಸಿನ್ನಿನ ವಾಸನೆ ಕುಡಿದದ್ದು.

"ದೋಣಿಗೆ ಎಂಟು ವರ್ಷ ಅಂತ ಕಾಗದ ಹೇಳ್ತದ. ವಾಸನಿಗೆ ಎಂಟು ದಿನಾನೂ ಆಗಿಲ್ಲ" ಎಂದು ಪಿಸುಗುಟ್ಟಿದರು. "ಎಲ್ಲೋ ಬಡದು ಒಡದದ. ಈಗ ಮುಚ್ಚ್ಯಾರ."

ಮಾರುವವರಿಗೆ ಈಗ ಸಿಟ್ಟು ಬಂದಿತ್ತು. "ಎಂತ ಮಾರಾಯ್ರೆ, ದೋಣಿಯನ್ನು ಮರಳ ಮೇಲೆ ಇಟ್ಟು ಬಡಿದರೆ ಆಯ್ತಾ? ನೀರಿಗೆ ಹಾಕಿ ನೋಡಿ. ಒಂದು ಹನಿ ಒಳಗೆ ಬಂದರೆ ಮತ್ತೆ ಹೇಳಿ" ಎಂದರು.

ನೀರಿಗೆ ಇಳಿಸಿದರು. ಬಾತುಕೋಳಿಯ ಹಾಗೆ ತೇಲಿತು. ಕಾಲು ತಾಸು ಕಳೆದರೂ ಒಳಗೆ ಒಣ ಒಣ. ನಮ್ಮ ಹೆಂಗಸರು ಕಾಕಾನ ಕಡೆ ಒಂಥರಾ ನೋಡತೊಡಗಿದರು. ಆಗ ಅವರು ತಣ್ಣಗೆ, "ಈಗ ನಮ್ಮ ಕ್ಯಾನ್ ತುಂಬ್ರಿ" ಎಂದರು. ಆರೂ ಕ್ಯಾನಿಗೆ ಹೊಳೆಯ ನೀರು ತುಂಬಿ ದೋಣಿಯಲ್ಲಿಟ್ಟರು. ಆಮೇಲೆ ನಾವು ನಾಲ್ವರೂ ಹತ್ತಿ ಕೂತೆವು. ಅದು ನಮ್ಮ ಒಂದು ಮುಂಜಾನೆಯ ಹೊರೆ, ಸರಿಯಾಗಿ. ದಡದಿಂದ ಹತ್ತು ಮಾರಿನೊಳಗೆ, ಸೊಂಟದ ಮಟ್ಟದ ನೀರಿನಲ್ಲಿ ಸುಮ್ಮನೆ ಕೂತಿದ್ದೆವು. ಕಾಕಾ ದಡದಲ್ಲಿ ಗಡಿಯಾರ ಹಿಡಿದು ನಿಂತಿದ್ದರು. ಹೊತ್ತು ಹೋಗಲೆಂದು ಹಿಂದೆ ಕೂತಿದ್ದ ಜಾನಾಬಾಯಿ ಮರಾಠಿಯಲ್ಲಿ ಏನೋ ಹಾಡು ಶುರು ಮಾಡಿದಳು. ಎರಡನೆಯ ನುಡಿಗೆ ಬಂದವಳು ಥಟ್ಟನೆ ನಿಲ್ಲಿಸಿದಳು.

"ಸೆಕ್ರೆಟ್ರಿ... ನನ್ನ ಕಾಲು ತಣ್ಣಗಾತು."

ಬಗ್ಗಿ ನೋಡಿದರೆ, ಇಂಜಿನ್ನಿನ ಹಲಗೆಯ ಬುಡದಿಂದ ದಾರದಂಥ ಒಂದು ನೀರಿನ ಎಳೆ ಒಳಗೆ ಹರಿದು ಬರುತ್ತಿತ್ತು. ಸದ್ದಿಲ್ಲದೆ. ಖಾಲಿ ಇದ್ದಾಗ ನೀರಿನ ಮೇಲೆ ಇದ್ದ ಬಿರುಕು, ಭಾರ ಬಿದ್ದ ಮೇಲೆ ನೀರಿನ ಕೆಳಗೆ ಹೋಗಿತ್ತು. ಜಾನಾಬಾಯಿಯ ಮುಖ ನೋಡಿದೆ. ಟ್ಯೂಬು ಮಗುಚಿದ ದಿನದಂತೆ ಅವಳು ಪಕ್ಕದ ಕ್ಯಾನನ್ನು ತಬ್ಬಿ ಹಿಡಿದಿದ್ದಳು.

"ಸಣ್ಣ ಸೋರಿಕೆ, ಹಳ್ಳಿಯ ಕೆರೆಗೆ ಇಷ್ಟು ಸಾಕು" ಎಂದರು ಮಾರುವವರು. ಕಾಕಾ ದನಿ ಏರಿಸಲಿಲ್ಲ. "ನಿಮ್ಮದು ಉಪ್ಪುನೀರು ಸಾಹೇಬ್ರ, ದೋಣಿನ ಎತ್ತಿ ಹಿಡೀತದ. ನಮ್ಮ ಕೆರಿದು ಸಿಹಿನೀರು. ಇದ ದೋಣಿ ಅಲ್ಲಿ ಇನ್ನಷ್ಟು ಕೆಳಗ ಕೂಡ್ತದ. ಕೂಡಾವರು ಈ ಹೆಣ್ಣಮಕ್ಕಳು."

ಹಿಂತಿರುಗುವಾಗ ಗಾಡಿಯಲ್ಲಿ ಆರು ಖಾಲಿ ಕ್ಯಾನುಗಳು ಗಡಗಡ ಎನ್ನುತ್ತಿದ್ದವು. ಘಟ್ಟ ಹತ್ತುವ ಮೊದಲು ಒಂದು ಮರದ ಕೆಳಗೆ ನಿಲ್ಲಿಸಿ ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಅಲ್ಲಿ ನಾನು ಕೇಳಿದೆ, ಆ ಮನುಷ್ಯನ ಎಳನೀರಾದರೂ ಕುಡಿಯಬಹುದಿತ್ತಲ್ಲ ಎಂದು. ಕಾಕಾ ಹೇಳಿದರು: ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಮಾರುವವರ ಮನೆಯಲ್ಲಿ ಹೊಟ್ಟೆ ತುಂಬ ಉಂಡು, ಆ ದಾಕ್ಷಿಣ್ಯಕ್ಕೆ ವರದಿಯ ಒಂದು ಸಾಲನ್ನು ಮೆತ್ತಗೆ ಮಾಡಿದ್ದರಂತೆ. 'ಬದಲಿಸಲೇಬೇಕು' ಎನ್ನುವ ಕಡೆ 'ಬದಲಿಸಿದರೆ ಒಳ್ಳೆಯದು' ಎಂದು. ಮೂರು ತಿಂಗಳಲ್ಲಿ ಆ ದೋಣಿ ನಡುನೀರಿನಲ್ಲಿ ಬಾಯಿಬಿಟ್ಟಿತು. ಬೇರೆ ದೋಣಿಯವರು ಹತ್ತಿರವಿದ್ದುದರಿಂದ ಎಲ್ಲರೂ ಉಳಿದರು.

"ಯಾರೂ ಸಾಯಲಿಲ್ಲ ತಂಗಿ. ಆದ್ರ ಆ ಊಟ ನನಗ ಇನ್ನೂ ಕರಗಿಲ್ಲ" ಎಂದರು.

ಊರಿನಲ್ಲಿ ಮಾತ್ರ ನಗೆಪಾಟಲು. ಗಾಡಿ ತಗೊಂಡು ದೋಣಿ ತರಲು ಹೋದವರು ಸಮುದ್ರ ನೋಡಿ ಬಂದರು ಎಂದು ಚಹಾದಂಗಡಿಯಲ್ಲಿ ಆಡಿಕೊಂಡರು. ಪಂಪ್‌ಸೆಟ್ಟಿನವನು, ಮುದುಕ ತನ್ನ ವಿದ್ಯೆ ತೋರಿಸಲು ಒಳ್ಳೆಯ ದೋಣಿ ಕೆಡಿಸಿದ ಎಂದು ಹೇಳಿಕೊಂಡು ತಿರುಗಿದ. ಮಳೆಗಾಲಕ್ಕೆ ಎರಡೇ ತಿಂಗಳಿತ್ತು. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೆ ಅಳುಕು ಹತ್ತಿತ್ತು. ಅಷ್ಟು ವರ್ಷ ಕೆಲಸವಿಲ್ಲದೆ ಕೂತವರು, ಸಿಕ್ಕ ಒಂದು ಕೆಲಸದಲ್ಲಿ ಸ್ವಲ್ಪ ಹೆಚ್ಚೇ ಮಾಡಿದರೋ ಏನೋ...

ಸಂಘದ ಸಭೆಯಲ್ಲಿ ಕಾಕಾ ಆರು ಪುಟದ ವರದಿ ಓದಿದರು. ಇಂಥಲ್ಲಿ ಹಸಿ, ಇಂಥಲ್ಲಿ ಪೊಳ್ಳು, ಇಂಥಲ್ಲಿ ಹೊಸ ತೇಪೆ. ಇಂಜಿನ್ ಚೆನ್ನಾಗಿದೆ ಎಂಬುದನ್ನೂ ಮರೆಯದೆ ಬರೆದಿದ್ದರು. ಒಬ್ಬಾಕೆ ಎದ್ದು, "ಹಂಗಾದ್ರ ತಗೋಬೇಕೋ ಬ್ಯಾಡೋ, ಒಂದ ಮಾತಿನ್ಯಾಗ ಹೇಳ್ರಿ" ಎಂದಳು. ಕಾಕಾ ತಲೆಯಾಡಿಸಿದರು. "ಹೆಂಗದ ಅಂತ ಹೇಳೂದು ನನ್ನ ಕೆಲಸ. ತಗೊಳ್ಳೂದು ಬಿಡೂದು ನಿಮ್ಮ ಕೆಲಸ. ಇಷ್ಟ ನೆನಪ ಇಡ್ರಿ. ನಾ ತಪ್ಪಿದ್ರ ನಿಮಗ ಒಂದು ಮಳಿಗಾಲ ಸುತ್ತು ಬೀಳ್ತದ. ಮಾರಾವರು ತಪ್ಪಿದ್ರ..." ಅಲ್ಲಿಗೆ ನಿಲ್ಲಿಸಿ, ಕಾಗದ ಮಡಚಿದರು.

ಜಾನಾಬಾಯಿ ಎದ್ದು ನಿಂತಳು. "ನನ್ನ ಕಾಲು ತಣ್ಣಗಾಗಿತ್ತವ್ವಾ. ನನಗ ಅಷ್ಟ ಸಾಕು" ಎಂದಳು. ಸಭೆ ಮುಗಿಯಿತು.

ಆಮೇಲಿನ ಆ ಒಂದೂವರೆ ತಿಂಗಳು ಕಾಕಾನ ಹುರುಪನ್ನು ನೋಡಬೇಕಿತ್ತು. ಹಳೆಯ ಪರಿಚಯದವರಿಗೆಲ್ಲ ಫೋನು. ಮೂರು ಸಲ ಒಬ್ಬರೇ ಬಸ್ಸು ಹತ್ತಿ ಕಡಲ ಕಡೆ ಹೋಗಿ ಬಂದರು. ಪ್ರತಿ ಸಲವೂ ಹೊಸ ಪತ್ರ, ಹೊಸ ಶಿಕ್ಕಾ. ಮೊದಲನೆಯದರ ವರದಿ ಕೇಳಿ ನಾವೇ ಬೇಡವೆಂದೆವು. ಎರಡನೆಯದನ್ನೂ ಹಾಗೆಯೇ ಬಿಟ್ಟೆವು. ಮೂರನೆಯ ಸಲ ಬಂದವರು ಕಟ್ಟೆಯ ಮೇಲೆ ಕೂತು, "ಚೆಂದ ಇಲ್ಲ. ನೀವು ಬಂದು ನೋಡ್ರಿ" ಎಂದರು. ಹೇಳುವಾಗ ಮೀಸೆಯೊಳಗೆ ನಗು ತಡೆದುಕೊಂಡಿದ್ದು ಕಾಣುತ್ತಿತ್ತು.

ಚೆಂದವೇ ಇರಲಿಲ್ಲ. ತೆಂಗಿನಕಾಯಿ ಸಾಗಿಸುತ್ತಿದ್ದ ದೋಣಿ, ಬೂದಿ ಬಣ್ಣ, ಮೈಮೇಲೆ ಕೌದಿಯ ಹಾಗೆ ಮೂರು ತೇಪೆ. ಅದರ ಯಜಮಾನ, ಹಲ್ಲಿಲ್ಲದ ಮುದುಕ, ಕಾಕಾ ಕೇಳುವ ಮೊದಲೇ ಒಂದೊಂದು ತೇಪೆಯ ಕಥೆ ಹೇಳಿದ: ಇದು ಬಂಡೆಗೆ ತಾಗಿದ್ದು, ಇದು ಮಗನ ಅವಸರಕ್ಕೆ ಆದದ್ದು. ಕಾಕಾ ಸುತ್ತಿಗೆ ನನ್ನ ಕೈಗೆ ಕೊಟ್ಟರು. "ಬಡೀರಿ ಸೆಕ್ರೆಟರಿಯವರ." ಬಡಿದೆ. ಮೂತಿಯಿಂದ ಬಾಲದವರೆಗೆ ಟಣ್, ಟಣ್, ಟಣ್... ತೇಪೆಯ ಮೇಲೂ ಅದೇ ಸ್ವರ. "ಮುಚ್ಚಿಡದ ತ್ಯಾಪಿ ಗಟ್ಟಿ ತ್ಯಾಪಿ" ಎಂದರು ಕಾಕಾ. ಈ ಸಲವೂ ಕ್ಯಾನು ತುಂಬಿ, ನಾಲ್ವರೂ ಕೂತು ನೋಡಿದೆವು. ಜಾನಾಬಾಯಿ ಪೂರ್ತಿ ಹಾಡು ಹಾಡಿ, ಇನ್ನೊಂದನ್ನೂ ಹಾಡಿದಳು. ಯಾರ ಕಾಲೂ ಒದ್ದೆಯಾಗಲಿಲ್ಲ. ವರದಿಯಲ್ಲಿ ಹದಿನೇಳು ಕುಂದುಗಳಿದ್ದವು. ಎಲ್ಲವೂ ರಿಪೇರಿಗೆ ಬರುವಂಥವು. ಅಷ್ಟನ್ನೂ ಮಾಡಿಸಿ, ಎಲ್ಲರಿಗೂ ತೇಲುವ ಜಾಕೀಟು ತರಿಸಿ, ಕಾಗದಪತ್ರ ಸರಿಮಾಡಿಕೊಂಡ ಮೇಲೆಯೇ ದೋಣಿ ಘಟ್ಟ ಹತ್ತಿತು.

ಮಳೆ ಹಿಡಿದು ಕಾಲುದಾರಿ ಮುಳುಗಿದ ದಿನ ಬೆಳಿಗ್ಗೆ ಊರೆಲ್ಲ ಕೆರೆಯ ದಂಡೆಯಲ್ಲಿತ್ತು. ಆಡಿಕೊಂಡಿದ್ದ ಚಹಾದಂಗಡಿಯವನೂ ಬಂದಿದ್ದ. ತೆಂಗಿನಕಾಯಿ ಯಾರು ಒಡೆಯಬೇಕು ಎಂಬ ಮಾತು ಬಂದಾಗ ಜಾನಾಬಾಯಿ ಯಾರನ್ನೂ ಕೇಳದೆ ಕಾಯಿಯನ್ನು ಕಾಕಾನ ಕೈಗಿಟ್ಟಳು. ಅವರು, "ಅಲ್ಲವ್ವಾ, ನಾ ನೋಡಾಂವ ಅಷ್ಟ" ಎಂದು ಹಿಂಜರಿದರೂ ಬಿಡಲಿಲ್ಲ. ಕಾಕಾ ಕಣ್ಣು ಮುಚ್ಚಿ, ತುಟಿಯಲ್ಲೇ ಬಿಸ್ಮಿಲ್ಲಾ ಹೇಳಿ, ಕಲ್ಲಿಗೆ ಒಂದೇ ಏಟು. ಎರಡು ಹೋಳೂ ಸಮವಾಗಿ ಒಡೆದವು. "ಇದನ್ನೂ ಅಳತಿ ಮಾಡಿ ಒಡದ್ರಲ್ರಿ ಸರ್ವೇಯರ!" ಎಂದು ಯಾರೋ ಕೂಗಿದರು. ಕೆರೆಯೇ ನಕ್ಕಂತಾಯಿತು.

ಮೊದಲ ಸಲ ದಡ್ಡಿಯಿಂದ ಹಾಲು ಹೊತ್ತು ದೋಣಿ ಈಚೆಗೆ ಬಂದಾಗ, ಮುಂದುಗಡೆ ಬಿಳಿ ದಿರಿಸಿನಲ್ಲಿ ಕಾಕಾ ಕೂತಿದ್ದರು. ಸಣ್ಣ ಮಳೆ. ಅವರು ತಲೆಗೆ ಏನೂ ಹಾಕಿಕೊಂಡಿರಲಿಲ್ಲ. ಹಾಲಿನ ಗಾಡಿ ಬರಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಗಾಡಿಯವನು ಬಂದವನೇ ಸಾಲಾಗಿ ಕಾಯುತ್ತಿದ್ದ ಕ್ಯಾನುಗಳನ್ನು ನೋಡಿ ತನ್ನ ಗಡಿಯಾರ ಕೆಟ್ಟಿದೆಯೇನೋ ಎಂದು ಕೈ ಝಾಡಿಸಿಕೊಂಡ. ಆ ರಾತ್ರಿ ಕಾಕಾ ನಿದ್ದೆಯಲ್ಲೂ ನಗುತ್ತಿದ್ದರೆಂದು ಚಾಚಿ ಮರುದಿನ ಬಾವಿಕಟ್ಟೆಯಲ್ಲಿ ಎಲ್ಲರಿಗೂ ಹೇಳಿದರು.

ಅದಾದ ಮೇಲೆ ಪ್ರತಿ ವರ್ಷ ಮಳೆಗೆ ಮುಂಚೆ ಕಾಕಾನ ತಪಾಸಣೆ ತಪ್ಪಲಿಲ್ಲ. ಒಂದು ವರ್ಷ ನಾನು ಪತ್ರ ಕೊಡುವುದನ್ನು ಮರೆತೆನೆಂದು ದಂಡೆಯವರೆಗೆ ಬಂದು ವಾಪಸ್ ಹೋದರು. ಕೊನೆಯ ಎರಡು ವರ್ಷ ಮೊಣಕಾಲು ಬಗ್ಗುತ್ತಿರಲಿಲ್ಲ. ಕುರ್ಚಿ ಹಾಕಿಕೊಂಡು ಕೂತು, ನಾನು ಬಡಿದಂತೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಂದು ಚಳಿಗಾಲ ನಾಲ್ಕೇ ದಿನದ ಜ್ವರ... ಅಷ್ಟೇ. ದಡ್ಡಿಯ ಹೆಂಗಸರೆಲ್ಲ ಅಂದು ಹಾಲು ಹಿಂಡಿ, ಕ್ಯಾನು ತಂದು ಡೇರಿಯಲ್ಲಿಟ್ಟು, ಹಾಗೇ ಹಸಿದ ಹೊಟ್ಟೆಯಲ್ಲಿ ಅವರ ಮನೆಯ ಮುಂದೆ ಬಂದು ಕೂತರು. ಮಧ್ಯಾಹ್ನದವರೆಗೆ ಒಬ್ಬರೂ ಏಳಲಿಲ್ಲ.

ಈ ವರ್ಷ ದಡ್ಡಿಗೆ ಎತ್ತರದ ರಸ್ತೆಯಾಗಿದೆ. ಮಳೆಗಾಲದಲ್ಲೂ ಗಾಡಿ ಅಲ್ಲಿಗೇ ಹೋಗುತ್ತದೆ. ದೋಣಿಯನ್ನು ಮಾರುವುದೆಂದು ಸಂಘ ನಿರ್ಣಯಿಸಿತು. ಮೊನ್ನೆ ನವಲಗುಂದದ ಕಡೆಯಿಂದ ಮೀನುಗಾರಿಕೆಯ ಸಂಘದ ಮೂವರು ನೋಡಲು ಬಂದಿದ್ದರು. ನಾನು ಒಂದೊಂದು ತೇಪೆಯನ್ನೂ ತೋರಿಸಿದೆ. ಕಾಕಾ ಬರೆದ ವರದಿಗಳ ಕಟ್ಟನ್ನೂ ಮುಂದಿಟ್ಟೆ. ಅವರಲ್ಲಿ ಹಿರಿಯರು ಪುಟ ತಿರುವುತ್ತ ಬೆರಗಾಗಿ, "ಇಷ್ಟ ಖಡಕ್ ಬರದಾರಲ್ರಿ ಯವ್ವಾ! ಇವರನ್ನ ನಾವೂ ಕರಸ್ತೇವಿ. ನಂಬರ್ ಕೊಡ್ರಿ" ಎಂದರು.

ನಾನು ಫೋನು ತೆಗೆದೆ. ಹೆಸರು ಇನ್ನೂ ಅಲ್ಲೇ ಇತ್ತು. ಅಳಿಸಿರಲೇ ಇಲ್ಲ. ಮೊದಲ ಐದು ಅಂಕಿಗಳನ್ನು ಓದಿ ಹೇಳಿಯೂ ಬಿಟ್ಟಿದ್ದೆ, ಅವರು ಬರೆದುಕೊಳ್ಳುತ್ತಿದ್ದರು... ಆರನೆಯದಕ್ಕೆ ಬಂದು ಫೋನು ಕೆಳಗಿಳಿಸಿದೆ. ಪಕ್ಕದಲ್ಲಿದ್ದ ಜಾನಾಬಾಯಿ ನನ್ನ ಬೆನ್ನ ಮೇಲೆ ಕೈಯಿಟ್ಟಳು.

"ಅವರು ಈಗ ಇಲ್ರಿ" ಎಂದೆ. "ಬ್ಯಾರೆ ಯಾರನ್ನರ ಹುಡುಕ್ರಿ. ಕಲತವರು ಇರಬೇಕು, ನಿಮ್ಮವರು ಇರಬೇಕು. ನಾ ಎಷ್ಟ ಚಲೋ ಐತಿ ಅಂದ್ರೂ ನನ್ನ ಮಾತ ಮ್ಯಾಲೆ ತಗೋಬ್ಯಾಡ್ರಿ. ನಾ ಮಾರಾಕಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ವಿಚಾರ ಮಾಡಿ ಬರುತ್ತೇವೆಂದು ಹೊರಟರು. ಮನೆಬಾಗಿಲಿಗೆ ಬಂದ ಗಿರಾಕಿಯನ್ನು ಕೈಯಾರೆ ಕಳಿಸಿದ್ದೆ. ಅವರ ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಜಾನಾಬಾಯಿ, "ಕಾಕಾ ಇದ್ದಿದ್ರ ಇವತ್ತ ನಿನಗೂ ಒಂದು ಸರ್ವೇಯರ್ ಬೋರ್ಡ್ ಮಾಡಿಸಿ ಕೊಡ್ತಿದ್ದ ನೋಡ" ಎಂದಳು. ಇಬ್ಬರೂ ದಂಡೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಆಮೇಲೂ ನೀರು ನಿಲ್ಲಲಿಲ್ಲ.